ಹನ್ನೆರಡು ಯೂನಿಟ್‌ಗಳ ಮಿತಿ: ಹಳೆಯ ಶೈಲಿಯ ರಣತಂತ್ರದ ಆಟಗಳ ಸೆಳೆತ ಮತ್ತು ಕೊರತೆ

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆಟಗಳಲ್ಲಿ ‘ರಿಯಲ್-ಟೈಮ್ ಸ್ಟ್ರಾಟಜಿ’ ಎಂಬ ಪ್ರಕಾರವೊಂದಿದೆ. ಆಡುವವರ ಬಾಯಲ್ಲಿ ಅದು ಆರ್‌ಟಿಎಸ್. ಮೇಲಿನಿಂದ ಕಾಣುವ ಒಂದು ನಕಾಶೆ, ಅದರ ಒಂದು ಮೂಲೆಯಲ್ಲಿ ನಮ್ಮ ನೆಲೆ, ಕತ್ತಲು ಕವಿದ ಮತ್ತೊಂದು ಮೂಲೆಯಲ್ಲಿ ಎದುರಾಳಿಯ ನೆಲೆ. ಮರ ಕಡಿಸಬೇಕು, ಚಿನ್ನ ಅಗೆಸಬೇಕು, ಕಟ್ಟಡ ಎಬ್ಬಿಸಬೇಕು, ದಂಡು ಕೂಡಿಸಬೇಕು, ದಾಳಿಗೆ ಹೊರಡಬೇಕು, ಬಂದ ದಾಳಿಯನ್ನು ತಡೆಯಬೇಕು. ಇದೆಲ್ಲವನ್ನೂ ಚದುರಂಗದ ಹಾಗೆ ಸರದಿ ಕಾಯುತ್ತ ಅಲ್ಲ, ಗಡಿಯಾರ ಓಡುತ್ತಿರುವಾಗಲೇ ಮಾಡಬೇಕು. 1990ರ ದಶಕದ ಕೊನೆಯಲ್ಲಿ ಈ ಪ್ರಕಾರ ಕಂಪ್ಯೂಟರ್ ಆಟಗಳ ಮುಂಚೂಣಿಯಲ್ಲಿತ್ತು. ನಮ್ಮ ಊರುಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕಕ್ಕೆ ಹಣ ಕೊಟ್ಟು ‘ಏಜ್ ಆಫ್ ಎಂಪೈರ್ಸ್’ ಆಡಿದ ತಲೆಮಾರು ಈಗ ನಡುವಯಸ್ಸಿಗೆ ಬಂದಿದೆ. ಆಮೇಲೆ ಹಿಂದೆ ಸರಿದಿದ್ದ ಈ ಪ್ರಕಾರ ಕಳೆದ ಹತ್ತು ವರ್ಷಗಳಲ್ಲಿ ಮತ್ತೆ ತಲೆ ಎತ್ತಿದೆ, ಅದೂ ಬಹುಮಟ್ಟಿಗೆ ಹಳೆಯ ವೇಷದಲ್ಲಿಯೇ: ಒಂದು ಕಡೆ ಹಳೆಯ ಆಟಗಳ ಪರಿಷ್ಕೃತ ಆವೃತ್ತಿಗಳು, ಇನ್ನೊಂದು ಕಡೆ ಹಳೆಯದರ ಹಾಗೆ ಕಾಣುವಂತೆ, ಹಳೆಯದರ ಹಾಗೆ ಆಡಿಸುವಂತೆ ಹೊಸದಾಗಿ ಕಟ್ಟಿದ ಆಟಗಳು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾಲದ ಆಟಗಳಲ್ಲಿ ನಾನಾ ಬಗೆಯ ಮಿತಿಗಳಿದ್ದವು. ಅವುಗಳಲ್ಲಿ ಕೆಲವು ಆಟಕ್ಕೆ ಆಕಾರ ಕೊಟ್ಟವು; ಉಳಿದವು ಬರಿಯ ಕಿರಿಕಿರಿಯಾಗಿದ್ದವು. ಎರಡನ್ನೂ ಬೇರ್ಪಡಿಸಿ ನೋಡದೆ, ಎಲ್ಲವನ್ನೂ ಪೂಜ್ಯವೆಂದು ನಕಲು ಮಾಡುವವರೂ ಎಲ್ಲವನ್ನೂ ಹಳತೆಂದು ಗುಡಿಸಿ ಹಾಕುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ಮೊದಲು ಕಣ್ಣಿಗೆ ಕಾಣುವುದನ್ನೇ ನೋಡೋಣ. 1998ರ ‘ಸ್ಟಾರ್‌ಕ್ರಾಫ್ಟ್’ ಓಡುತ್ತಿದ್ದದ್ದು 640 ಬೈ 480 ಪಿಕ್ಸೆಲ್‌ಗಳ ಪರದೆಯಲ್ಲಿ, 256 ಬಣ್ಣಗಳಲ್ಲಿ. ಒಂದೊಂದು ಟ್ಯಾಂಕು, ಒಂದೊಂದು ಸೈನಿಕ ಕೆಲವೇ ಡಜನ್ ಪಿಕ್ಸೆಲ್‌ಗಳ ಚಿತ್ರ. ಯೂನಿಟ್, ಅಂದರೆ ನಮ್ಮ ಆಜ್ಞೆಯಂತೆ ನಡೆಯುವ ಇಂಥ ಒಂದೊಂದು ಸೈನಿಕ ಅಥವಾ ವಾಹನ, 32 ದಿಕ್ಕುಗಳಿಗೆ ತಿರುಗಬಲ್ಲದು, ಆದರೆ ಕಂಪ್ಯೂಟರ್‌ನ ನೆನಪಿನ ಜಾಗ ಉಳಿಸಲು 17 ದಿಕ್ಕುಗಳ ಚಿತ್ರಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸುತ್ತಿದ್ದರು. ಇಂಥ ಬಡತನದಲ್ಲಿ ಕಲಾವಿದನಿಗೆ ಒಂದೇ ದಾರಿ ಉಳಿಯುತ್ತದೆ: ಪ್ರತಿಯೊಂದು ಯೂನಿಟ್‌ಗೂ ಬೇರೊಂದರ ಜೊತೆ ಗೊಂದಲವಾಗದ ಹೊರರೇಖೆ ಕೊಡುವುದು. ಅದರ ಫಲವೇನೆಂದರೆ, ಪರದೆಯ ಮೇಲೆ ಐವತ್ತು ಜೀವಗಳು ಕಾದಾಡುತ್ತಿದ್ದರೂ ಯಾವುದು ಯಾರದ್ದು, ಎಷ್ಟಿವೆ, ಯಾವುದು ಸಾಯುವ ಹಂತದಲ್ಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಕ್ಯಾಮೆರಾ ತಿರುಗುವುದಿಲ್ಲವಾದ್ದರಿಂದ ಉತ್ತರ ಯಾವಾಗಲೂ ಉತ್ತರವೇ. ಹೊಗೆ, ಧೂಳು, ನೆರಳು, ಬೆಳಕಿನ ಹೊಳಪುಗಳಲ್ಲಿ ಮುಳುಗಿದ ಎಷ್ಟೋ ಮೂರು ಆಯಾಮದ ಆಟಗಳಲ್ಲಿ ಈ ಸ್ಪಷ್ಟತೆ ಕಳೆದುಹೋಯಿತು. ಹಳೆಯ ಚಿತ್ರಶೈಲಿಗೆ ಜನ ಮರಳುವುದನ್ನು ಬರೀ ಬಾಲ್ಯದ ಹಂಬಲವೆಂದು ತಳ್ಳಿಹಾಕುವವರು ಈ ಸಂಗತಿಯನ್ನು ಗಮನಿಸಿದಂತಿಲ್ಲ. ರಣರಂಗವನ್ನು ಕಣ್ಣು ಸಲೀಸಾಗಿ ಓದಬಲ್ಲದು ಎಂಬುದು ಆಟದ ಗುಣವೇ ಹೊರತು ನೆನಪಿನ ಗುಣವಲ್ಲ.

ಇನ್ನೊಂದು ಅನುಕೂಲವನ್ನು ನಮ್ಮ ಕಡೆಯವರು ಬೇಗ ಗುರುತಿಸುತ್ತಾರೆ. ಇಂಥ ಆಟಗಳು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ, ಕುಂಟುವ ಇಂಟರ್‌ನೆಟ್ಟಿನಲ್ಲೂ ನಡೆಯುತ್ತವೆ. ಅದರ ಹಿಂದೆ ಒಂದು ಜಾಣ ಲೆಕ್ಕವಿದೆ. ‘ಏಜ್ ಆಫ್ ಎಂಪೈರ್ಸ್’ ತಯಾರಾದದ್ದು 28.8 ಕಿಲೋಬಿಟ್ ಮೋಡೆಮ್‌ಗಳ ಕಾಲದಲ್ಲಿ. ಎಂಟು ಜನರ ನೂರಾರು ಯೂನಿಟ್‌ಗಳು ಎಲ್ಲೆಲ್ಲಿವೆ ಎಂಬುದನ್ನು ಆ ತಂತಿಯಲ್ಲಿ ಕ್ಷಣಕ್ಷಣಕ್ಕೂ ಕಳುಹಿಸುವುದು ಆಗದ ಮಾತು. ಹಾಗಾಗಿ ಆಟಗಾರರು ಕೊಟ್ಟ ಆಜ್ಞೆಗಳನ್ನು ಮಾತ್ರ ಕಳುಹಿಸಿ, ಉಳಿದ ಇಡೀ ಯುದ್ಧವನ್ನು ಪ್ರತಿಯೊಂದು ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ, ಆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ, ಲೆಕ್ಕ ಹಾಕಿಕೊಳ್ಳುವ ಏರ್ಪಾಡು ಮಾಡಿದರು. ಯಾದೃಚ್ಛಿಕ ಸಂಖ್ಯೆಗಳು ಕೂಡ ಎಲ್ಲ ಕಡೆ ಒಂದೇ ಬೀಜದಿಂದ, ಅಂದರೆ ಒಂದೇ ಆರಂಭದ ಸಂಖ್ಯೆಯಿಂದ, ಹುಟ್ಟಬೇಕು. ಒಂದು ಯಂತ್ರದಲ್ಲಿ ಒಂದು ಜಿಂಕೆ ಒಂದು ಹೆಜ್ಜೆ ಆಚೀಚೆ ಆದರೂ ಮುಂದೆ ಎರಡು ಬೇರೆ ಬೇರೆ ಯುದ್ಧಗಳು ನಡೆಯತೊಡಗುತ್ತವೆ. ಆಗ ಆಟ ‘ಔಟ್ ಆಫ್ ಸಿಂಕ್’ ಎಂದು ನಿಂತುಬಿಡುತ್ತದೆ. ಕಡಿಮೆ ದತ್ತಾಂಶದಲ್ಲಿ ದೊಡ್ಡ ಸೈನ್ಯಗಳನ್ನು ಓಡಿಸುವ ವರವೂ ಈ ವಿಧಾನದ್ದೇ, ಒಬ್ಬನ ಸಂಪರ್ಕ ಕುಂಟಿದರೆ ಎಲ್ಲರೂ ಕಾಯಬೇಕಾದ ಶಾಪವೂ ಈ ವಿಧಾನದ್ದೇ.

ಇನ್ನು ಮಿತಿಗಳ ವಿಷಯಕ್ಕೆ ಬರುತ್ತೇನೆ. ಈ ಪ್ರಕಾರಕ್ಕೆ ಅಚ್ಚು ಹಾಕಿಕೊಟ್ಟದ್ದು ಅಮೆರಿಕದ ಲಾಸ್ ವೇಗಸ್‌ನಲ್ಲಿದ್ದ ವೆಸ್ಟ್‌ವುಡ್ ಸ್ಟುಡಿಯೋಸ್ 1992ರಲ್ಲಿ ಹೊರತಂದ ‘ಡ್ಯೂನ್ 2’. ಅದರಲ್ಲಿ ಒಮ್ಮೆಗೆ ಒಂದೇ ಯೂನಿಟ್ ಆಯ್ದುಕೊಳ್ಳಬಹುದಿತ್ತು. ಹತ್ತು ಟ್ಯಾಂಕುಗಳನ್ನು ಮುಂದೆ ಕಳುಹಿಸಬೇಕಾದರೆ ಹತ್ತು ಸಲ ಆಯ್ಕೆ, ಹತ್ತು ಸಲ ‘ಮೂವ್’, ಹತ್ತು ಸಲ ಜಾಗ ತೋರಿಸುವುದು. 1994ರ ‘ವಾರ್‌ಕ್ರಾಫ್ಟ್’ನಲ್ಲಿ ನಾಲ್ಕು, ಮರುವರ್ಷದ ‘ವಾರ್‌ಕ್ರಾಫ್ಟ್ 2’ರಲ್ಲಿ ಒಂಬತ್ತು, 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಹನ್ನೆರಡು. 2010ರ ‘ಸ್ಟಾರ್‌ಕ್ರಾಫ್ಟ್ 2’ರ ಹೊತ್ತಿಗೆ ಇಡೀ ಸೈನ್ಯವನ್ನು ಒಂದೇ ಎಳೆತಕ್ಕೆ ಹಿಡಿಯಬಹುದಾಯಿತು. ಇದನ್ನು ನೇರವಾದ ಪ್ರಗತಿಯ ಕಥೆಯೆಂದು ಹೇಳುವುದು ಸುಲಭ. ಆದರೆ ಹನ್ನೆರಡರ ಮಿತಿಯೊಳಗೆ ಏನು ನಡೆಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸ್ಟಾರ್‌ಕ್ರಾಫ್ಟ್‌ನ ಝರ್ಗ್ ಪಕ್ಷಕ್ಕೆ ಮ್ಯುಟಲಿಸ್ಕ್ ಎಂಬ ಹಾರುವ ಜೀವಿಯಿದೆ. ಹನ್ನೊಂದು ಮ್ಯುಟಲಿಸ್ಕ್‌ಗಳನ್ನು ಆಯ್ದು ಹಾರಿಸಿದರೆ ಅವು ತಮ್ಮ ನಡುವಿನ ಅಂತರವನ್ನು ಕಾಯ್ದುಕೊಂಡು ಚದುರಿಕೊಂಡೇ ಸಾಗುತ್ತವೆ. ಗುಂಪಿನ ಹನ್ನೆರಡನೆಯ ಜಾಗಕ್ಕೆ ನಕಾಶೆಯ ಇನ್ನೊಂದು ತುದಿಯಲ್ಲಿ ತೇಲುತ್ತಿರುವ ಓವರ್‌ಲಾರ್ಡ್ ಎಂಬ ಅದೇ ಪಕ್ಷದ ಇನ್ನೊಂದು ಜೀವಿಯನ್ನು ಸೇರಿಸಿದರೆ ಕಥೆಯೇ ಬೇರೆ. ಗುಂಪು ಇಷ್ಟು ದೂರ ಹರಡಿರುವಾಗ ಅಂತರ ಕಾಯುವುದರಲ್ಲಿ ಅರ್ಥವಿಲ್ಲವೆಂದು ಪ್ರೋಗ್ರಾಂ ಎಲ್ಲವನ್ನೂ ಒಂದೇ ಬಿಂದುವಿಗೆ ಅಟ್ಟುತ್ತದೆ. ಹನ್ನೊಂದು ಮ್ಯುಟಲಿಸ್ಕ್‌ಗಳು ಒಂದರ ಮೇಲೊಂದು ಕೂಡಿಕೊಂಡು ಒಂದೇ ಜೀವಿಯಂತೆ ಕಾಣುತ್ತವೆ. ಎದುರಾಳಿಗೆ ಎಷ್ಟಿವೆ ಎಂದು ಎಣಿಸಲಾಗುವುದಿಲ್ಲ, ಪೆಟ್ಟು ತಿಂದದ್ದನ್ನು ಆರಿಸಿ ಹೊಡೆಯಲಾಗುವುದಿಲ್ಲ. ಇತ್ತ ಹನ್ನೊಂದರ ಏಟು ಒಂದೇ ಕ್ಷಣಕ್ಕೆ ಒಂದೇ ಗುರಿಯ ಮೇಲೆ ಬೀಳುತ್ತದೆ. ಈ ಆಟವನ್ನು ತಯಾರಿಸಿದ ಬ್ಲಿಝಾರ್ಡ್ ಸಂಸ್ಥೆಯ ಯಾರೂ ಇದನ್ನು ಯೋಜಿಸಿ ಮಾಡಿದ್ದಲ್ಲ. ಆಟಗಾರರು ಕಂಡುಕೊಂಡರು, ಈ ಆಟ ಟೆಲಿವಿಷನ್‌ನಲ್ಲಿ ಪ್ರಸಾರವಾಗುವ ವೃತ್ತಿಪರ ಕ್ರೀಡೆಯಾಗಿ ಬೆಳೆದ ದಕ್ಷಿಣ ಕೊರಿಯಾದಲ್ಲಿ ಅದು ಪ್ರತಿಯೊಬ್ಬ ಝರ್ಗ್ ಆಟಗಾರ ರೂಢಿಸಿಕೊಳ್ಳಲೇಬೇಕಾದ ಕೈಚಳಕವಾಯಿತು. ಎರಡು ಕುಂದುಗಳು, ಅಂದರೆ ಹನ್ನೆರಡರ ಮಿತಿಯೂ ದಾರಿ ಹುಡುಕುವ ಲೆಕ್ಕದಲ್ಲಿನ ಒಂದು ಸೊಟ್ಟೂ ಕೂಡಿ, ಯಾರೂ ಬರೆಯದ ಒಂದು ವಿದ್ಯೆಯನ್ನು ಹುಟ್ಟಿಸಿದವು.

‘ಸ್ಟಾರ್‌ಕ್ರಾಫ್ಟ್’ನ ಎರಡನೆಯ ಭಾಗದಲ್ಲಿ ಮಿತಿ ಹೋಯಿತು, ದಾರಿ ಹುಡುಕುವ ಬುದ್ಧಿ ಚುರುಕಾಯಿತು. ಸೈನಿಕರು ನೀರಿನ ಹಾಗೆ ಸಂದುಗೊಂದುಗಳಲ್ಲಿ ಹರಿದು ಹೋಗತೊಡಗಿದರು. ಪರಿಣಾಮವಾಗಿ ಎರಡೂ ಕಡೆಯ ಇಡೀ ಸೈನ್ಯ ಒಂದೊಂದು ಉಂಡೆಯಾಗಿ ಬಂದು ಢಿಕ್ಕಿ ಹೊಡೆದು, ಗಂಟೆಗಳಂತೆ ಕಂಡ ತಯಾರಿ ಹತ್ತಾರು ಸೆಕೆಂಡುಗಳಲ್ಲಿ ತೀರ್ಮಾನವಾಗುವುದು ಸಾಮಾನ್ಯವಾಯಿತು. ಹಳೆಯ ಆಟದಲ್ಲಿ ಅರವತ್ತು ಸೈನಿಕರನ್ನು ನಡೆಸಲು ಐದು ಗುಂಪುಗಳನ್ನು ಬೇರೆ ಬೇರೆಯಾಗಿ ಕದಲಿಸಬೇಕಿತ್ತಾದ್ದರಿಂದ ದಂಡು ತಾನಾಗಿಯೇ ಉದ್ದಕ್ಕೆ ಹರಡುತ್ತಿತ್ತು, ಒಂದು ತುದಿಯನ್ನು ಗೆದ್ದು ಇನ್ನೊಂದು ತುದಿಯನ್ನು ಸೋಲುವುದು ಸಾಧ್ಯವಿತ್ತು. ಎರಡನೆಯ ಭಾಗ ಕೆಟ್ಟ ಆಟವೆಂದು ನಾನು ಹೇಳುತ್ತಿಲ್ಲ. ಆರ್‌ಟಿಎಸ್‌ನಲ್ಲಿ ಚಿನ್ನಕ್ಕಿಂತಲೂ ಮರಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು ಆಟಗಾರನ ಗಮನ. ಹನ್ನೆರಡರ ಮಿತಿ ಆ ಗಮನಕ್ಕೆ ಬೆಲೆ ಕಟ್ಟುತ್ತಿತ್ತು. ದಾಳಿಯ ಮೇಲೆ ಕಣ್ಣಿಟ್ಟರೆ ಮನೆಯ ಕೆಲಸ ನಿಲ್ಲುತ್ತದೆ, ಮನೆಯನ್ನು ನೋಡಿಕೊಂಡರೆ ದಂಡು ಬಲಿಯಾಗುತ್ತದೆ. 2017ರಲ್ಲಿ ಮೊದಲ ಆಟವನ್ನು ಹೊಸ ಚಿತ್ರಗಳೊಂದಿಗೆ ಮರಳಿ ತಂದಾಗ ಬ್ಲಿಝಾರ್ಡ್ ಹನ್ನೆರಡರ ಮಿತಿಯನ್ನೂ ಹಳೆಯ ನಡಿಗೆಯನ್ನೂ ಮುಟ್ಟದೆ ಬಿಟ್ಟದ್ದು ಸೋಮಾರಿತನದಿಂದಲ್ಲ, ವಿವೇಕದಿಂದ. ಎಫ್5 ಒತ್ತಿದರೆ ಹೊಸ ಚಿತ್ರ ಮರೆಯಾಗಿ 1998ರ ಚಿತ್ರ ಬರುತ್ತದೆ. ಆಟ ಮಾತ್ರ ಎರಡರಲ್ಲೂ ಒಂದೇ.

ಇದೇ ಮಾತನ್ನು ಎಲ್ಲ ಮಿತಿಗಳಿಗೂ ಅನ್ವಯಿಸಹೊರಟರೆ ಮೂಢಭಕ್ತಿಯಾಗುತ್ತದೆ. 1997ರ ‘ಏಜ್ ಆಫ್ ಎಂಪೈರ್ಸ್’ನಲ್ಲಿ ವಿಲೇಜರ್ ಎಂಬ ಕೆಲಸಗಾರನೊಬ್ಬ ಹುಟ್ಟಿದ ಮೇಲೆ ಮತ್ತೆ ಟೌನ್ ಸೆಂಟರ್ ಎಂಬ ಮುಖ್ಯ ಕಟ್ಟಡಕ್ಕೆ ಬಂದು ಇನ್ನೊಬ್ಬನಿಗೆ ಒತ್ತಬೇಕಿತ್ತು, ಸಾಲಾಗಿ ಐವರಿಗೆ ಒಮ್ಮೆಲೇ ಹೇಳಿಡುವ ಸೌಲಭ್ಯ ಬಂದದ್ದು ಮರುವರ್ಷದ ವಿಸ್ತರಣೆಯಲ್ಲಿ, ಅಂದರೆ ಮೂಲ ಆಟಕ್ಕೆ ಜೋಡಿಸುವ ಹೆಚ್ಚುವರಿ ಭಾಗದಲ್ಲಿ. ಹೊಲದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1999ರ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಬೆಳೆ ಮುಗಿದ ಹೊಲ ಬರಡಾಗುತ್ತಿತ್ತು, ರೈತ ಅಲ್ಲೇ ಕೈಕಟ್ಟಿ ನಿಲ್ಲುತ್ತಿದ್ದ, ನಾವು ಹೋಗಿ ಮತ್ತೆ ಹೊಲ ಹಾಕಿಸಬೇಕಿತ್ತು. 2000ದ ವಿಸ್ತರಣೆಯಲ್ಲಿ ಮಿಲ್ ಎಂಬ ಕಟ್ಟಡದಲ್ಲಿ ಮುಂಗಡವಾಗಿ ಬಿತ್ತನೆಯ ಸಾಲು ಹಚ್ಚಿಡುವ ವ್ಯವಸ್ಥೆ ಬಂತು. 2019ರ ಪರಿಷ್ಕೃತ ಆವೃತ್ತಿಯಾದ ‘ಡೆಫಿನಿಟಿವ್ ಎಡಿಷನ್’ನಲ್ಲಿ ಒಂದು ಗುಂಡಿ ಒತ್ತಿಟ್ಟರೆ, ಮರದ ದಾಸ್ತಾನು ಇರುವವರೆಗೆ ಹೊಲ ತನ್ನಷ್ಟಕ್ಕೆ ತಾನೇ ಹಸಿರಾಗುತ್ತಿರುತ್ತದೆ. ಬರಡು ಹೊಲವನ್ನು ಗಮನಿಸುವುದೂ ಗಮನದ ಖರ್ಚೇ ಅಲ್ಲವೇ ಎಂದು ನೀವು ಕೇಳಬಹುದು. ವ್ಯತ್ಯಾಸವಿದೆ. ಬರಡಾದ ಹೊಲದ ಮುಂದೆ ಆಟಗಾರ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಉತ್ತರ ಯಾವಾಗಲೂ ಒಂದೇ, ಮತ್ತೆ ಬಿತ್ತು. ಹನ್ನೆರಡರ ಗುಂಪಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು, ಯಾವ ಗುಂಪನ್ನು ಮೊದಲು ಕದಲಿಸಬೇಕು ಎಂಬಲ್ಲಿ ತೀರ್ಮಾನವಿದೆ. ಬಿತ್ತನೆಯ ಕ್ಲಿಕ್ಕುಗಳು ಹೋದದ್ದಕ್ಕೆ ಕೊರಗುವವರನ್ನು ನಾನು ಹೆಚ್ಚು ಕಂಡಿಲ್ಲ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಹಳೆಯ ವೇಷದ ಆಟಗಳ ಅತಿ ದೊಡ್ಡ ಕೊರತೆ ಒಂಟಿಯಾಗಿ ಆಡುವವನಿಗೆ ಸಿಗುವ ಯಂತ್ರದ ಎದುರಾಳಿಯಲ್ಲಿ ಕಾಣುತ್ತದೆ. ವೆಸ್ಟ್‌ವುಡ್‌ನ 1995ರ ‘ಕಮಾಂಡ್ ಆಂಡ್ ಕಾಂಕರ್’ ಆಡಿದವರಿಗೆ ಮರಳಚೀಲದ ಉಪಾಯ ಗೊತ್ತಿರುತ್ತದೆ. ಹೊಸ ಕಟ್ಟಡ ಇರುವ ಕಟ್ಟಡಕ್ಕೆ ತಾಗಿಕೊಂಡೇ ಇರಬೇಕೆಂಬ ನಿಯಮ ಆ ಆಟದಲ್ಲಿದೆ, ಮರಳಚೀಲದ ಗೋಡೆಯೂ ಕಟ್ಟಡದ ಲೆಕ್ಕಕ್ಕೆ ಸೇರುತ್ತದೆ, ಮತ್ತು ಕಂಪ್ಯೂಟರ್ ಎದುರಾಳಿ ಮರಳಚೀಲಗಳ ತಂಟೆಗೆ ಬರುವುದಿಲ್ಲ. ಹಾಗಾಗಿ ಚೀಲದ ಪಕ್ಕದಲ್ಲಿ ಚೀಲವಿಡುತ್ತ ನಕಾಶೆಯ ಉದ್ದಕ್ಕೂ ಸಾಗಿ, ಶತ್ರುವಿನ ನೆಲೆಯ ಬಾಗಿಲಿಗೆ ಚೀಲಗಳ ಬೇಲಿ ಹಾಕಿಬಿಟ್ಟರೆ ಅವನ ಟ್ಯಾಂಕುಗಳು ಒಳಗೇ ಸುತ್ತುತ್ತಿರುತ್ತವೆ. ನಗು ಬರುತ್ತದೆ, ಮೊದಲ ಸಲ. ಯಂತ್ರದ ಈ ದಡ್ಡತನವನ್ನು ತುಂಬಲು ಆ ಕಾಲದವರು ಮೋಸವನ್ನು ಅವಲಂಬಿಸಿದರು: ಯಂತ್ರಕ್ಕೆ ಕತ್ತಲೆಯ ಆಚೆಯೂ ಕಾಣುತ್ತದೆ, ಅಥವಾ ಕಠಿಣ ಹಂತಗಳಲ್ಲಿ ಅದಕ್ಕೆ ಪುಕ್ಕಟೆ ಸಂಪತ್ತು ಬರುತ್ತದೆ. ‘ಏಜ್ ಆಫ್ ಎಂಪೈರ್ಸ್ 2’ರ ಹೊಸ ಆವೃತ್ತಿಯ ಯಂತ್ರಬುದ್ಧಿ ಅಂಥ ಮೋಸವಿಲ್ಲದೆಯೇ ಸಾಧಾರಣ ಆಟಗಾರನನ್ನು ಮಣ್ಣು ಮುಕ್ಕಿಸಬಲ್ಲದು, ಅಂದರೆ ಇದು ಅಸಾಧ್ಯವಾದ ಕೆಲಸವೇನಲ್ಲ. ಆದರೂ ಹಳೆಯ ಶೈಲಿಯ ಹೊಸ ಆಟಗಳಲ್ಲಿ ಪಿಕ್ಸೆಲ್‌ಗಳಿಗೆ ಸಿಕ್ಕ ಶ್ರದ್ಧೆ ಎದುರಾಳಿಯ ಬುದ್ಧಿಗೆ ಸಿಗುವುದು ಅಪರೂಪ. ಚಿತ್ರ ಜಾಹೀರಾತಿನಲ್ಲಿ ಕಾಣುತ್ತದೆ, ಬುದ್ಧಿ ಕಾಣುವುದಿಲ್ಲ. ಕಾರಣ ಇಷ್ಟೇ ಇರಬೇಕು.

ವೆಸ್ಟ್‌ವುಡ್ 2003ರಲ್ಲಿ ಮುಚ್ಚಿಹೋದಾಗ ಅಲ್ಲಿದ್ದ ಕೆಲವರು ಸೇರಿ ಪೆಟ್ರೋಗ್ಲಿಫ್ ಎಂಬ ಸಂಸ್ಥೆ ಕಟ್ಟಿದರು. ಅವರ 2016ರ ‘8-ಬಿಟ್ ಆರ್ಮೀಸ್’ ಇಟ್ಟಿಗೆ ಆಟಿಕೆಗಳಂಥ ಚೌಕಚೌಕದ ಚಿತ್ರಗಳಲ್ಲಿ ಹಳೆಯ ‘ಕಮಾಂಡ್ ಆಂಡ್ ಕಾಂಕರ್’ನ ಆಟವನ್ನು ಸರಳಗೊಳಿಸಿ ಕೊಟ್ಟಿತು. ಒಂದು ಸಂಜೆಗೆ ಬಹಳ ಚೆನ್ನಾಗಿದೆ. ಹತ್ತನೆಯ ಸಂಜೆಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ, ಏಕೆಂದರೆ ಸರಳಗೊಳಿಸುವಾಗ ಹೋದವುಗಳಲ್ಲಿ ಕೆಲಸಗಳ ಜೊತೆಗೆ ತೀರ್ಮಾನಗಳೂ ಇದ್ದವು. ಅದೇ ಸಂಸ್ಥೆ 2020ರಲ್ಲಿ ಮೂಲ ‘ಕಮಾಂಡ್ ಆಂಡ್ ಕಾಂಕರ್’ ಅನ್ನೂ ಅದೇ ಸರಣಿಯ ‘ರೆಡ್ ಅಲರ್ಟ್’ ಅನ್ನೂ ಪರಿಷ್ಕರಿಸಿ ಕೊಟ್ಟಿತು. ಏಕಾಂಗಿ ಆಟದಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಹಳೆಯ ಚಿತ್ರ. ಮೂಲ ಆಟಗಳ ಸಂಗೀತಗಾರ ಫ್ರ್ಯಾಂಕ್ ಕ್ಲೆಪಾಕಿಯವರ ಸಂಗೀತ ಮತ್ತೆ ಹೊಸದಾಗಿ. ನಿರ್ಮಾಣದ ಸಾಲು ಹಚ್ಚುವ ಅನುಕೂಲ ಬಂದರೂ, ದಾರಿಯಲ್ಲಿ ಸಿಕ್ಕವರ ಮೇಲೆ ಬೀಳುತ್ತ ಮುಂದೆ ಸಾಗುವ ಆಜ್ಞೆ ಬರಲಿಲ್ಲ. ಇದರ ಜೊತೆಗೆ ಈ ಆಟಗಳ ಹಕ್ಕುದಾರ ಇಎ ಸಂಸ್ಥೆ ಈ ಎರಡು ಆಟಗಳ ಮುಖ್ಯ ಸೋರ್ಸ್ ಕೋಡ್ ಅನ್ನು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಹೊಸ ಚಿತ್ರಗಳಿಗಿಂತ ಇದೇ ದೊಡ್ಡ ಕೊಡುಗೆ. ಇದೇ ಆಟಗಳನ್ನು ಆಸಕ್ತರೇ ಹೊಸದಾಗಿ ಕಟ್ಟಿ ಬೆಳೆಸಿದ ‘ಓಪನ್‌ಆರ್‌ಎ’ ಎಂಬ ಮುಕ್ತ ಯೋಜನೆಯಲ್ಲಿ ಮೇಲೆ ಹೇಳಿದ ಆಜ್ಞೆಯೂ ಇದೆ, ಅನುಭವದಿಂದ ಬಲಿಯುವ ಸೈನಿಕರೂ ಇದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆಡಿದವರಿಗೆ ಯಾವ ಮಿತಿ ಆಟದ ಜೀವ, ಯಾವುದು ಹಳೆಯ ಧೂಳು ಎಂಬುದು ಬೆರಳ ತುದಿಗೇ ತಿಳಿಯುತ್ತದೆ.

ಅದೇ 2020ರ ಜನವರಿಯಲ್ಲಿ ಬಂದ, ಬ್ಲಿಝಾರ್ಡ್‌ನ ಹಳೆಯ ಆಟವೊಂದರ ಪರಿಷ್ಕೃತ ಆವೃತ್ತಿ ‘ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲು ತೋರಿಸಿದ್ದ ಹೊಸ ಬಗೆಯ ದೃಶ್ಯಗಳು ಬರಲಿಲ್ಲ, ಹಳೆಯ ಆಟದಲ್ಲಿದ್ದ ಕೆಲವು ಸೌಲಭ್ಯಗಳೇ ಬಿಡುಗಡೆಯ ಹೊತ್ತಿಗೆ ಕಾಣೆಯಾಗಿದ್ದವು, ಹಳೆಯದನ್ನೇ ಆನ್‌ಲೈನ್ ಆಡಿಕೊಂಡಿರುತ್ತೇವೆ ಎಂದವರನ್ನೂ ಹೊಸ ತಂತ್ರಾಂಶಕ್ಕೆ ಎಳೆದು ತರಲಾಯಿತು. ಕೊನೆಗೆ ಹಣ ಹಿಂತಿರುಗಿಸಬೇಕಾಯಿತು.

ನಮಗೆ ಹತ್ತಿರದ ಒಂದು ಕೊರತೆಯನ್ನೂ ಇಲ್ಲಿ ಹೇಳಲೇಬೇಕು. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ನಾಗರಿಕತೆಗಳನ್ನು ರೂಪಿಸುವ ವಿಧಾನ 1999ರದ್ದೇ: ಎಲ್ಲರಿಗೂ ಸಾಮಾನ್ಯವಾದ ಸೈನ್ಯ, ಕಟ್ಟಡ, ಶೋಧನೆಗಳ ಒಂದು ಮರ, ಒಬ್ಬೊಬ್ಬರಿಗೆ ಅದರ ಒಂದೊಂದು ರೆಂಬೆ ಕಡಿದು, ಒಂದೆರಡು ವಿಶೇಷಗಳನ್ನು ಕಸಿ ಮಾಡುವುದು. ಮೊದಲು ಹದಿಮೂರು ನಾಗರಿಕತೆಗಳಿದ್ದಾಗ ಇದು ಸೊಗಸಾದ ಉಪಾಯವಾಗಿತ್ತು. ಒಂದನ್ನು ಕಲಿತವನು ಉಳಿದವನ್ನೂ ಮುಕ್ಕಾಲು ಪಾಲು ಕಲಿತಂತೆ. ಈಗ ಅವು ನಲವತ್ತನ್ನು ದಾಟಿವೆ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆಯಲ್ಲಿ, ಅದುವರೆಗೆ ಒಂದೇ ಹೆಸರಿನಡಿ ಇದ್ದ ಭಾರತೀಯರು ಹಿಂದೂಸ್ತಾನಿಗಳು, ಬಂಗಾಳಿಗಳು, ಗುರ್ಜರರು, ದ್ರಾವಿಡರು ಎಂದು ನಾಲ್ಕಾದರು. ರಾಜೇಂದ್ರ ಚೋಳನ ಕಥೆಯನ್ನು ಆಡಿಸುವ ಅಭಿಯಾನವೊಂದಿದೆ, ಉಕ್ಕಿನ ಹೆಗ್ಗಳಿಕೆಗೆ ಒಂದು ಶೋಧನೆಯಿದೆ, ಉರುಮಿ ಎಂಬ ಬಳುಕುವ ಕತ್ತಿಯನ್ನು ಬೀಸುವ ಯೋಧನಿದ್ದಾನೆ. ಸಂತೋಷ. ಆದರೆ ಚೋಳರ ಹಡಗುಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಈ ದ್ರಾವಿಡರಿಗೆ ಕುದುರೆಪಡೆ ದುರ್ಬಲ. ನೈಟ್ ದರ್ಜೆಯ, ಅಂದರೆ ಕವಚಧಾರಿ ಭಾರೀ ಕುದುರೆಪಡೆಯ, ಸವಾರರೇ ಇಲ್ಲ. ಭಟ್ಕಳದಂಥ ಬಂದರುಗಳಿಂದ ಅರಬ್ಬೀ ಕುದುರೆಗಳನ್ನು ತರಿಸಿಕೊಳ್ಳಲು ಅಪಾರ ಹಣ ಸುರಿದ ವಿಜಯನಗರ ಈ ಮರದಲ್ಲಿ ಎಲ್ಲಿ ಕೂರಬೇಕು? ಐದು ನೂರು ವರ್ಷಗಳ ದಕ್ಷಿಣ ಭಾರತವನ್ನು ಒಂದೇ ಕಡಿದ ಮರದಲ್ಲಿ ತೋರಿಸಹೊರಟರೆ ಆಗುವುದು ಹೀಗೆಯೇ. ಆಟದ ಸಮತೋಲಕ್ಕೆ ಎಲ್ಲೋ ಕಡಿಯಲೇಬೇಕು ಎಂಬ ಸಮಜಾಯಿಷಿ ನಿಜ. ಆದರೆ ಸಮತೋಲ ಬೇಡುವ ಆ ಒಂದೇ ಮರವೂ ಇಪ್ಪತ್ತೈದು ವರ್ಷ ಹಿಂದಿನ ಮಿತಿಯೇ, ಮತ್ತು ಇದು ಕಿರಿಕಿರಿಯ ಸಾಲಿಗೆ ಸೇರುತ್ತ ಬಂದಿದೆ.

ಹೊಸಬರ ಮಾತು ಇನ್ನೊಂದು. ಇಂದು ‘ಏಜ್ ಆಫ್ ಎಂಪೈರ್ಸ್ 2’ ಆನ್‌ಲೈನ್‌ಗೆ ಕಾಲಿಟ್ಟವನ ಎದುರಿಗೆ, ಮೊದಲ ಕುರಿಯಿಂದ ಮೊದಲ ದಾಳಿಯವರೆಗೆ ಯಾವ ವಿಲೇಜರ್ ಯಾವ ಕ್ಷಣಕ್ಕೆ ಎಲ್ಲಿಗೆ ಹೋಗಬೇಕೆಂಬುದನ್ನು ಎರಡು ದಶಕಗಳಿಂದ ಕಂಠಪಾಠ ಮಾಡಿಕೊಂಡವರು ಇರುತ್ತಾರೆ. ‘ಡೆಫಿನಿಟಿವ್ ಎಡಿಷನ್’ನವರು ‘ಆರ್ಟ್ ಆಫ್ ವಾರ್’ ಎಂಬ ಅಭ್ಯಾಸಗಳ ಸರಣಿಯಲ್ಲಿ, ಪದಕಗಳನ್ನು ಕೊಡುತ್ತ, ಆ ಪಾಠವನ್ನು ಆಟದೊಳಗೇ ಹೇಳಿಕೊಡುತ್ತಾರೆ. ಹಳೆಯ ಶೈಲಿಯ ಹೊಸ ಆಟಗಳಲ್ಲಿ ಹೆಚ್ಚಿನವು ಇದನ್ನು ಮಾಡುವುದಿಲ್ಲ. ಆಡುವವನು ಹಳಬನೇ ಇರುತ್ತಾನೆ ಎಂಬ ನಂಬಿಕೆಯಲ್ಲಿ ಅವು ಶುರುವಾಗುತ್ತವೆ. 2025ರ ‘ಟೆಂಪೆಸ್ಟ್ ರೈಸಿಂಗ್’ನಂಥ ಅಚ್ಚುಕಟ್ಟಾದ ಆಟವೂ ತನ್ನ ಮಾತಿನ ಬಹುಪಾಲನ್ನು ‘ಕಮಾಂಡ್ ಆಂಡ್ ಕಾಂಕರ್’ ಬಲ್ಲವರ ಜೊತೆಗೇ ಆಡುತ್ತದೆ.

ಭಿನ್ನ ದಾರಿ ಹಿಡಿದ ಒಂದು ಆಟವನ್ನು ಹೆಸರಿಸುತ್ತೇನೆ. 2017ರಲ್ಲಿ ಪಾಕೆಟ್‌ವಾಚ್ ಗೇಮ್ಸ್ ಹೊರತಂದ ‘ಟೂತ್ ಆಂಡ್ ಟೇಲ್’ನಲ್ಲಿ ಇಲಿ, ನರಿ, ಹಂದಿಗಳು ಮಾಂಸ ಯಾರ ಪಾಲಿಗೆ ಎಂದು ಬಡಿದಾಡುತ್ತವೆ, ಚಿತ್ರಗಳೆಲ್ಲ ಪಿಕ್ಸೆಲ್ಲಿನವೇ. ಅದರ ತಯಾರಕರು ಮೌಸ್ ಇಲ್ಲದೆ, ಟಿವಿಯ ಮುಂದೆ ಗೇಮ್‌ಪ್ಯಾಡ್ ಹಿಡಿದು ಕೂತವನೂ ಆಡುವಂತಿರಬೇಕೆಂದು ತಮಗೆ ತಾವೇ ಮಿತಿ ಹಾಕಿಕೊಂಡರು. ಹಾಗಾಗಿ ಅಲ್ಲಿ ಸೈನಿಕರನ್ನು ಆಯ್ದುಕೊಳ್ಳುವ ಪ್ರಶ್ನೆಯೇ ಇಲ್ಲ. ಬಾವುಟ ಹಿಡಿದ ಒಬ್ಬ ದಂಡನಾಯಕ ನಾವು. ನಾವು ಓಡಿದಲ್ಲಿಗೆ, ಕರೆದಾಗ, ಇಡೀ ದಂಡು ಅಥವಾ ದಂಡಿನ ಒಂದು ಜಾತಿ ಓಡಿಬರುತ್ತದೆ. ನೆಲೆ ಕಟ್ಟಬೇಕಾದರೆ ನಾಯಕನೇ ಅಲ್ಲಿರಬೇಕು. ದಾಳಿ ನಡೆಸುತ್ತಿದ್ದರೆ ಮನೆಯಲ್ಲಿ ಅವನಿಲ್ಲ. ಗಮನವನ್ನು ಎಲ್ಲಿ ಖರ್ಚು ಮಾಡಬೇಕೆಂಬ ಹಳೆಯ ಪೇಚಾಟ, ಕ್ಲಿಕ್ಕುಗಳ ವೇಗದ ಹಂಗಿಲ್ಲದೆ, ಹಾಗೆಯೇ ಉಳಿದಿದೆ. ಒಬ್ಬೊಬ್ಬ ಸೈನಿಕನನ್ನು ಕೈಹಿಡಿದು ನಡೆಸುವ ಸೂಕ್ಷ್ಮ ಇದರಲ್ಲಿ ಸಿಗುವುದಿಲ್ಲ, ನಿಜ. ಇದನ್ನು ಆರ್‌ಟಿಎಸ್ ಎಂದೇ ಒಪ್ಪದ ಹಳೆಯ ಆಟಗಾರರೂ ಇದ್ದಾರೆ. ನನಗೆ ಮಾತ್ರ, ‘ಡ್ಯೂನ್ 2’ರ ನಿರ್ಮಾಪಕರು ತಮ್ಮ ಯಂತ್ರದ ಮುಂದೆ ಕೂತು ಕೇಳಿಕೊಂಡಿರಬಹುದಾದ ಪ್ರಶ್ನೆಯನ್ನು ಇವರು ಬೇರೊಂದು ಯಂತ್ರದ ಮುಂದೆ ಕೇಳಿಕೊಂಡಂತೆ ಕಾಣುತ್ತದೆ. ಫೋನಿನಲ್ಲಿ ಬೆರಳಿನಿಂದ ಆಡುವವರೇ ಹೆಚ್ಚಿರುವ ನಮ್ಮ ದೇಶದಲ್ಲಿ ಈ ಪ್ರಕಾರದ ಆಟ ಕಟ್ಟಹೊರಡುವವರು ಮೊದಲು ಬಿಚ್ಚಿ ನೋಡಬೇಕಾದದ್ದು ಇಂಥ ಆಟವನ್ನು.